ಟ್ರೋಲಿಗೆ ಮೇವು ಹಾಕಿದವರು ಯಾರು? ಮುಂಬಯಿಯ ಕೆಲವು ಪ್ರಕರಣಗಳ ಆಧಾರದಲ್ಲಿ ಒಂದು ಟಿಪ್ಪಣಿ

ಸಾಮಾಜಿಕ ಜಾಲತಾಣದಲ್ಲಿ ಬೈಗುಳಕ್ಕೆ ಗುರಿಯಾದವರಿಗೆ ಸಿಗುವ ಮೊದಲ ಬುದ್ಧಿವಾದ 'ಸುಮ್ಮನಿದ್ದುಬಿಡು' ಎಂಬುದು. ನಾಯಿ ಬೊಗಳಿದರೆ ದೇವಲೋಕ ಹಾಳಾಗುವುದಿಲ್ಲ ಎಂಬ ಗಾದೆಯೂ ಅದರ ಬೆನ್ನಿಗೇ ಬರುತ್ತದೆ. ಇದರ ಹಿಂದಿರುವ ತರ್ಕ ಸರಳ. ಕಾಲು ಕೆರೆದು ಜಗಳಕ್ಕೆ ಬರುವವನಿಗೆ ಬೇಕಾದದ್ದು ಗಮನ. ಅದು ಸಿಗದಿದ್ದರೆ ಅವನೇ ತಣ್ಣಗಾಗುತ್ತಾನೆ. ಗಮನ ಸಿಕ್ಕರೆ ಟ್ರೋಲ್ ಕೊಬ್ಬುತ್ತಾನೆ ಎಂಬ ಮೊದಲರ್ಧಕ್ಕೆ ಗಟ್ಟಿ ಸಾಕ್ಷ್ಯವಿದೆ. ಗುರಿಯಾದವರು ಸುಮ್ಮನಿದ್ದರೆ ಸಾಕು ಎಂಬ ಎರಡನೆಯ ಅರ್ಧ ಮಾತ್ರ, ಮುಂಬಯಿಯಲ್ಲಿ ನಡೆದ ಪ್ರಕರಣಗಳ ಮುಂದಿಟ್ಟು ನೋಡಿದರೆ, ಉಳಿಯುವುದಿಲ್ಲ. ಈ ಪ್ರಕರಣಗಳಲ್ಲಿ ಮೇವಿನ ಹೊರೆ ಹೊತ್ತು ತಂದವರು ಸುತ್ತ ನಿಂತವರು: ಸುದ್ದಿವಾಹಿನಿ, ರಾಜಕಾರಣಿ, ಮನರಂಜನೆಯ ಉದ್ಯಮ, ಜೊತೆಗೆ ಒಳ್ಳೆಯ ಮನಸ್ಸಿನಿಂದಲೇ ಸ್ಕ್ರೀನ್‌ಶಾಟ್ ಹಂಚಿದ ಹಿತೈಷಿಗಳು.

ಮೊದಲು ವ್ಯಾಪ್ತಿಯ ಮಾತು. ಎದುರಿನವರನ್ನು ಕೆಣಕಿ, ನೋಯಿಸಿ, ಅವರ ಪ್ರತಿಕ್ರಿಯೆಯನ್ನೇ ಸಂಭಾವನೆಯಾಗಿ ಪಡೆಯುವ ನಡವಳಿಕೆಯನ್ನಷ್ಟೇ ಇಲ್ಲಿ ಟ್ರೋಲಿಂಗ್ ಎಂದು ಗಣಿಸಿದ್ದೇನೆ. ವಿಡಂಬನೆಯನ್ನು ಹೊರಗಿಟ್ಟಿದ್ದೇನೆ. ಅಧಿಕಾರಸ್ಥರನ್ನು ಲೇವಡಿ ಮಾಡಿದ ಹಾಸ್ಯಗಾರ ಕುನಾಲ್ ಕಾಮ್ರಾ ಅವರ ವಿಡಿಯೊ ಹೊರಬಂದ 2025ರ ಮಾರ್ಚ್ 23ರ ರಾತ್ರಿ ಶಿಂದೆ ಬಣದ ಶಿವಸೇನೆಯ ಕಾರ್ಯಕರ್ತರು ಖಾರ್‌ನ ಹ್ಯಾಬಿಟಾಟ್ ಸ್ಟುಡಿಯೊವನ್ನು ಧ್ವಂಸ ಮಾಡಿದರು. ಅದುವರೆಗೆ ಆ ವಿಡಿಯೊದ ಗೊಡವೆಗೇ ಹೋಗದವರು ಕೂಡ ಆಮೇಲೆ ಹುಡುಕಿ ನೋಡಿದರು. ಗಮನದ ಲೆಕ್ಕಾಚಾರ ವಿಡಂಬನೆಯಲ್ಲೂ ಟ್ರೋಲಿಂಗಿನಲ್ಲೂ ಒಂದೇ. ಆದರೆ ಅಧಿಕಾರದಲ್ಲಿರುವವರನ್ನು ಹೆಸರು ಹಾಕಿಕೊಂಡು ವೇದಿಕೆಯಿಂದ ಲೇವಡಿ ಮಾಡುವವನನ್ನೂ, ಮುಖ ಮರೆಸಿಕೊಂಡು ಹೆಣ್ಣುಮಗಳೊಬ್ಬಳಿಗೆ ಬೆದರಿಕೆ ಹಾಕುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗೆ ತೂಗುವುದು ಅಧಿಕಾರಸ್ಥರಿಗೆ ಅನುಕೂಲ ಎಂಬುದೂ ನಿಜ.

ಗಮನವೇ ಪ್ರೋತ್ಸಾಹ ಎನ್ನಲು ಇರುವ ಸಾಕ್ಷ್ಯದಲ್ಲಿ ನನಗೆ ಮುಖ್ಯವೆನಿಸುವುದು ಜಸ್ಟಿನ್ ಚೆಂಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ನಾಲ್ಕು ದೊಡ್ಡ ಸುದ್ದಿತಾಣಗಳ ಓದುಗರ ಪ್ರತಿಕ್ರಿಯೆಗಳನ್ನು ಅವರು ಪರಿಶೀಲಿಸಿದರು. ಯಾರ ಬರಹಕ್ಕೆ ಓದುಗರು ಅಸಮ್ಮತಿಯ ಗುರುತು ಒತ್ತಿದರೋ ಅವರು ಆಮೇಲೆ ಹೆಚ್ಚು ಬರೆದರು, ಮೊದಲಿಗಿಂತ ಕಳಪೆಯಾಗಿ ಬರೆದರು, ಬೇರೆಯವರ ಬರಹಕ್ಕೆ ಅಸಮ್ಮತಿ ಒತ್ತುವುದನ್ನೂ ಹೆಚ್ಚಿಸಿದರು. ತಾಣವನ್ನು ಬಿಟ್ಟುಹೋಗುವ ಸಂಭವ ಎಲ್ಲರಿಗಿಂತ ಹೆಚ್ಚಿದ್ದುದು ಯಾವ ಪ್ರತಿಕ್ರಿಯೆಯನ್ನೂ ಪಡೆಯದವರಲ್ಲಿ. ಛೀಮಾರಿ ಹಾಕಿದರೆ ಬುದ್ಧಿ ಬರುತ್ತದೆ ಎಂಬ ನಂಬಿಕೆಗೆ ಇದು ನೇರ ಪೆಟ್ಟು. ಇದೇ ತಂಡದ 2017ರ ಪ್ರಯೋಗ ಇನ್ನೊಂದು ಸಂಗತಿಯನ್ನು ತೋರಿಸಿತು. ಮನಸ್ಸು ಸರಿಯಾಗಿದ್ದು, ಮೇಲಿನ ಪ್ರತಿಕ್ರಿಯೆಗಳೂ ಸಭ್ಯವಾಗಿದ್ದಾಗ ಬಂದ ಬರಹಗಳಲ್ಲಿ ಶೇ. 35ರಷ್ಟು ಕೆಣಕುವಂಥವು, ಮನಸ್ಸು ಕೆಟ್ಟು, ಕಣ್ಣೆದುರಿಗೆ ಮೊದಲೇ ಟ್ರೋಲಿನ ಮಾತುಗಳಿದ್ದಾಗ ಈ ಪ್ರಮಾಣ ಶೇ. 68ಕ್ಕೆ ಏರಿತು. ಅಂದರೆ, ಮೇಲಕ್ಕೆ ಎತ್ತಿ ತೋರಿಸಿದ ಒಂದು ಕೊಳಕು ಮಾತು ಅದನ್ನು ಆಡಿದವನನ್ನಷ್ಟೇ ಬೆಳೆಸುವುದಿಲ್ಲ. ನೋಡಿದ ಸಾಮಾನ್ಯರ ಬಾಯನ್ನೂ ಕೆಡಿಸುತ್ತದೆ.

ಜಾಲತಾಣಗಳ ಯಂತ್ರವೂ ಇದಕ್ಕೆ ಒತ್ತಾಸೆಯಾಗಿತ್ತು. 2017ರಲ್ಲಿ ಫೇಸ್‌ಬುಕ್ ತನ್ನ ಲೆಕ್ಕದಲ್ಲಿ ಸಿಟ್ಟಿನ ಮುಖವೂ ಸೇರಿದಂತೆ ಭಾವಚಿಹ್ನೆಗಳಿಗೆ ಒಂದು ಲೈಕಿನ ಐದರಷ್ಟು ತೂಕ ಕೊಟ್ಟಿತು. ಸಿಟ್ಟಿನ ಚಿಹ್ನೆಯ ತೂಕವನ್ನು ಸೊನ್ನೆಗೆ ಇಳಿಸಿದ್ದು 2020ರ ಸೆಪ್ಟೆಂಬರಿನಲ್ಲಿ. ನಡುವಿನ ಮೂರು ವರ್ಷ, ಅಸಹ್ಯಪಟ್ಟು ಕೆಂಪು ಮುಖ ಒತ್ತಿದ ಪ್ರತಿಯೊಬ್ಬನೂ ಆ ಅಸಹ್ಯವನ್ನು ಇನ್ನಷ್ಟು ಜನರ ಮುಂದೆ ದೂಡಿದ ಹಾಗಾಯಿತು.

ಸುಮ್ಮನಿರುವುದು ಏಕೆ ಫಲಿಸುವುದಿಲ್ಲ ಎಂಬುದಕ್ಕೂ ಮನಶ್ಶಾಸ್ತ್ರದಲ್ಲಿ ಹಳೆಯ ಉತ್ತರವಿದೆ. ಫರ್ಸ್‌ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪಾರಿವಾಳದ ಪ್ರಯೋಗಗಳ ಪ್ರಕಾರ, ಪ್ರತಿ ಸಲವೂ ಕಾಳು ಸಿಗುವ ಹಕ್ಕಿ ಕಾಳು ನಿಂತಾಗ ಬೇಗ ಕುಟುಕುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೆ ಸಿಗುವ ಹಕ್ಕಿ ಬಿಡದೆ ಕುಟುಕುತ್ತಲೇ ಇರುತ್ತದೆ. ಕಾಳು ನಿಂತ ಹೊಸದರಲ್ಲಿ ಕುಟುಕಾಟ ಜೋರಾಗುವುದೂ ಉಂಟು. ಡೊಂಬಿವಲಿಯದೋ ಮೀರಾ ರೋಡಿನದೋ ಯಾವುದೇ ಹೌಸಿಂಗ್ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದರ ಪ್ರತಿರೂಪ ಸಿಗುತ್ತದೆ. ನೀರಿನ ಟ್ಯಾಂಕರಿನ ಲೆಕ್ಕದ ನೆಪದಲ್ಲಿ ಕಾರ್ಯದರ್ಶಿಯ ಜಾತಿ ಎತ್ತುವ ಒಬ್ಬ ಸದಸ್ಯನಿರುತ್ತಾನೆ. ನಾಲ್ಕು ದಿನ ಯಾರೂ ಉತ್ತರಿಸುವುದಿಲ್ಲ. ಅವನು ಸಂದೇಶಗಳನ್ನು ಇಮ್ಮಡಿಸುತ್ತಾನೆ. ಐದನೆಯ ದಿನ ಸಹನೆ ತಪ್ಪಿದ ಯಾರೋ ಒಬ್ಬರು ಉದ್ದುದ್ದ ಉತ್ತರ ಬರೆಯುತ್ತಾರೆ. ಐದು ದಿನ ಹಟ ಹಿಡಿದರೆ ಕೆಲಸವಾಗುತ್ತದೆ ಎಂಬುದು ಅವನಿಗೆ ಅಂದು ಖಾತ್ರಿಯಾಗುತ್ತದೆ. ಗುಂಪಿನಲ್ಲಿ ಇನ್ನೂರು ಜನರಿದ್ದರೆ ನೂರ ತೊಂಬತ್ತೊಂಬತ್ತು ಜನರ ಮೌನವನ್ನು ಕೆಡಿಸಲು ಒಬ್ಬರು ಸಾಕು. ಅರೆಬರೆ ಮೌನ ಮಾತಿಗಿಂತಲೂ ಕೆಟ್ಟದ್ದು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಇನ್ನು ಮುಂಬಯಿಯ ದೊಡ್ಡ ಪ್ರಕರಣ. 2020ರ ಜೂನ್ 14ರಂದು ಬಾಂದ್ರಾದ ಮನೆಯಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ಮೃತಪಟ್ಟರು. ಅವರ ಗೆಳತಿ ನಟಿ ರಿಯಾ ಚಕ್ರವರ್ತಿ ಆಮೇಲೆ ಒಂದು ತಿಂಗಳು ಸಾಮಾಜಿಕ ಜಾಲತಾಣದಲ್ಲಿ ಏನನ್ನೂ ಬರೆಯಲಿಲ್ಲ. ಸುಮ್ಮನಿರಬೇಕೆಂಬ ಸಲಹೆಯ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಆ ತಿಂಗಳಲ್ಲಿ ಬೈಗುಳ ಇಳಿಯಲಿಲ್ಲ, ಏರಿತು. ಜುಲೈ 16ರಂದು ಅವರು ತಮಗೆ ಬಂದ ಅತ್ಯಾಚಾರ ಮತ್ತು ಕೊಲೆಯ ಬೆದರಿಕೆಯೊಂದರ ಸ್ಕ್ರೀನ್‌ಶಾಟನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿ, ಸೈಬರ್ ಪೊಲೀಸರು ಕ್ರಮ ಕೈಗೊಳ್ಳಬೇಕೆಂದು ಕೇಳಿಕೊಂಡರು. ಆಗಸ್ಟಿನಲ್ಲಿ ಸಾಂತಾಕ್ರೂಜ್ ಠಾಣೆಯಲ್ಲಿ ಎಫ್‌ಐಆರ್ ದಾಖಲಾಯಿತು. ಸೆಪ್ಟೆಂಬರ್ 8ರಂದು ಮಾದಕ ವಸ್ತು ನಿಯಂತ್ರಣ ಬ್ಯೂರೊ ರಿಯಾ ಅವರನ್ನೇ ಬಂಧಿಸಿತು. ಬೈಕುಲಾ ಜೈಲಿನಲ್ಲಿದ್ದ ಅವರಿಗೆ ಬಾಂಬೆ ಹೈಕೋರ್ಟ್ ಅಕ್ಟೋಬರ್ 7ರಂದು ಜಾಮೀನು ಕೊಟ್ಟಿತು.

ಗುರಿಯಾದವರು ಬಾಯಿ ಬಿಡದ ಆ ತಿಂಗಳಲ್ಲಿ ಟ್ರೋಲಿಗೆ ಮೇವು ಬಂದದ್ದಾದರೂ ಎಲ್ಲಿಂದ? ಮಿಷಿಗನ್ ವಿಶ್ವವಿದ್ಯಾಲಯದ ಜೊಯೊಜೀತ್ ಪಾಲ್ ಮತ್ತು ಸಂಗಡಿಗರು ಅದೇ ವರ್ಷ ಟ್ವಿಟರ್ ಮತ್ತು ಯೂಟ್ಯೂಬ್ ದತ್ತಾಂಶವನ್ನು ಪರಿಶೀಲಿಸಿ ಎರಡು ಸಂಗತಿಗಳನ್ನು ಮುಂದಿಟ್ಟರು. ಒಂದು, ಈ ಪ್ರಕರಣದ ಬಗ್ಗೆ ಬರೆದವರಿಗೆ ಬೇರೆ ವಿಷಯಗಳ ಮೇಲೆ ಬರೆದಾಗ ಸಿಗುವುದಕ್ಕಿಂತ ಹೆಚ್ಚು ರೀಟ್ವೀಟ್ ಸಿಕ್ಕವು. ಇನ್ನೊಂದು, ಆತ್ಮಹತ್ಯೆ ಎಂದಿದ್ದ ಚರ್ಚೆಯನ್ನು ಕೊಲೆ ಎಂಬ ಕಡೆಗೆ ತಿರುಗಿಸುವುದರಲ್ಲಿ ರಾಜಕಾರಣಿಗಳ ಪಾತ್ರ ದೊಡ್ಡದಿತ್ತು. ಹೆಸರಿಲ್ಲದ ಖಾತೆಗಳ ಅರಚಾಟಕ್ಕೆ ಹೆಸರಿದ್ದವರು ಗಾಳಿ ಹಾಕಿದರು, ಹಾಕಿದ್ದಕ್ಕೆ ಅವರಿಗೂ ಲಾಭವಾಯಿತು.

ಸುದ್ದಿವಾಹಿನಿಗಳ ಪಾಲು ಇನ್ನೂ ಸ್ಪಷ್ಟ. ಸುಶಾಂತ್ ಸಾವಿಗೆ ಮುನ್ನ ಬರೆದು ಅಳಿಸಿದರೆನ್ನಲಾದ ಕೆಲವು ಟ್ವೀಟುಗಳ ಚಿತ್ರ ಹರಿದಾಡಿತು. ಅವು ಯಾರೋ ಹೆಣೆದ ನಕಲಿಗಳು. ಅವನ್ನು ನಿಜವೆಂದು ಬಿತ್ತರಿಸಿದ್ದಕ್ಕೆ ಆಜ್ ತಕ್ ವಾಹಿನಿಗೆ ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರ 2020ರ ಅಕ್ಟೋಬರಿನಲ್ಲಿ 1 ಲಕ್ಷ ರೂಪಾಯಿ ದಂಡ ವಿಧಿಸಿ, ಕ್ಷಮೆ ಕೋರುವಂತೆ ಹೇಳಿತು. ನಕಲಿ ಟ್ವೀಟ್ ಹೆಣೆದವನ ಕಣ್ಣಿನಿಂದ ಇದನ್ನು ನೋಡಬೇಕು. ಮೊಬೈಲಿನಲ್ಲಿ ಕೆಲವೇ ನಿಮಿಷದ ಕೆಲಸ. ಪ್ರತಿಫಲವಾಗಿ ದೇಶದ ದೊಡ್ಡ ಹಿಂದಿ ವಾಹಿನಿಯೊಂದರ ಪರದೆ. ಅವನಿಗೆ ಬೇರೆ ಬಹುಮಾನ ಬೇಕಿರಲಿಲ್ಲ. 2021ರ ಜನವರಿ 18ರಂದು ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ದೀಪಂಕರ್ ದತ್ತಾ ಮತ್ತು ನ್ಯಾ. ಜಿ.ಎಸ್. ಕುಲಕರ್ಣಿ ಅವರ ಪೀಠ ಮಾಧ್ಯಮ ವಿಚಾರಣೆಯ ಬಗ್ಗೆ ವಿಸ್ತಾರವಾದ ತೀರ್ಪು ಕೊಟ್ಟು, ಆತ್ಮಹತ್ಯೆಯ ವರದಿಗಾರಿಕೆಗೆ ಮಾರ್ಗಸೂಚಿ ಹಾಕಿತು. ಸಿಬಿಐ ಮುಕ್ತಾಯ ವರದಿ ಸಲ್ಲಿಸಿದ್ದು 2025ರ ಮಾರ್ಚಿನಲ್ಲಿ. ಆ ಹೊತ್ತಿಗೆ ಅರಚಿದವರೆಲ್ಲ ಬೇರೆ ಬೇರೆ ವಿಷಯಗಳಿಗೆ ಹೋಗಿಯಾಗಿತ್ತು.

ಟ್ರೋಲಿನ ಮಾತನ್ನು ಸುದ್ದಿ ಮಾಡುವುದು ಒಂದು ಬಗೆಯಾದರೆ, ಅದನ್ನೇ ಕಾರ್ಯಕ್ರಮ ಮಾಡುವುದು ಇನ್ನೊಂದು. ಇದರಲ್ಲೂ ಮುಂಬಯಿ ಹಿಂದೆ ಬೀಳಲಿಲ್ಲ. ಅಮೆರಿಕದ ಜಿಮ್ಮಿ ಕಿಮ್ಮೆಲ್ ತಮ್ಮ ಟಿವಿ ಕಾರ್ಯಕ್ರಮದಲ್ಲಿ ತಾರೆಯರ ಕೈಯಿಂದಲೇ ಅವರ ಮೇಲಿನ ಕೆಟ್ಟ ಟ್ವೀಟುಗಳನ್ನು ಓದಿಸುವುದನ್ನು 2012ರಲ್ಲಿ ಶುರುಮಾಡಿದ್ದರು. 2018ರಲ್ಲಿ ಎಂಟಿವಿ 'ಟ್ರೋಲ್ ಪೊಲೀಸ್' ಎಂಬ ಕಾರ್ಯಕ್ರಮ ತಂದು, ರಣ್‌ವಿಜಯ್ ಸಿಂಘಾ ನಿರೂಪಣೆಯಲ್ಲಿ, ಬೈದವನನ್ನೂ ಬೈಸಿಕೊಂಡ ತಾರೆಯನ್ನೂ ಎದುರುಬದುರು ಕೂರಿಸಿತು. ಮರುವರ್ಷ ಅರ್ಬಾಜ್ ಖಾನ್ ಅವರ 'ಪಿಂಚ್' ಬಂತು; ಕರೀನಾ ಕಪೂರ್, ಕರಣ್ ಜೋಹರ್, ಸೋನಮ್ ಕಪೂರ್ ಮೊದಲಾದವರು ತಮ್ಮ ಬಗ್ಗೆ ಬಂದ ಹೀಯಾಳಿಕೆಯನ್ನು ಓದಿಸಿಕೊಂಡು ಉತ್ತರ ಕೊಟ್ಟರು. 2021ರ ಎರಡನೆಯ ಆವೃತ್ತಿ ಶುರುವಾದದ್ದು ಸಲ್ಮಾನ್ ಖಾನ್ ಅವರಿಂದ.

ಈ ಕಾರ್ಯಕ್ರಮಗಳ ಆಶಯವನ್ನು ನಾನು ಅನುಮಾನಿಸುತ್ತಿಲ್ಲ. ಬೈದವನನ್ನು ಮನುಷ್ಯನಾಗಿ ಎದುರಿಗೆ ಕೂರಿಸಿದರೆ ಅವನ ಧ್ವನಿ ಇಳಿಯುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ವೀಕ್ಷಕನಿಗೆ ಹೋಗುವ ಪಾಠ ಬೇರೆ. ಕರೀನಾ ಕಪೂರ್ ಅವರ ಅಭಿನಯವನ್ನು ಹತ್ತು ಸಾಲಿನಲ್ಲಿ ಜಾಣತನದಿಂದ ವಿಮರ್ಶಿಸಿದ ಓದುಗನ ಮಾತು ಅಲ್ಲಿ ಓದಲ್ಪಡುವುದಿಲ್ಲ. ಅವರ ವಯಸ್ಸನ್ನು ಹಂಗಿಸಿದ ಒಂದು ಸಾಲು ಓದಲ್ಪಡುತ್ತದೆ, ಅದಕ್ಕೆ ತಾರೆಯೇ ಉತ್ತರ ಕೊಡುತ್ತಾರೆ. ವಿಲ್ಲೆಪಾರ್ಲೆಯ ಅಂಗಡಿಯೊಂದರಲ್ಲಿ ಕೂತು ಟೈಪ್ ಮಾಡುವ ಹುಡುಗನಿಗೆ ಬಾಂದ್ರಾದ ಬಂಗಲೆಯ ಬಾಗಿಲು ತೆರೆಯುವ ಕೀಲಿಕೈ ಯಾವುದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿಕೊಡಲಾರರು. ಬೈಗುಳಕ್ಕೆ ಮಾರುಕಟ್ಟೆಯ ಬೆಲೆ ಬಂದ ಮೇಲೆ ಗುರಿಯಾದವರೂ ವ್ಯಾಪಾರದ ಪಾಲುದಾರರಾಗುತ್ತಾರೆ. ಸುಮ್ಮನಿರುವ ಸಲಹೆ ಅಲ್ಲಿ ಯಾರಿಗೂ ಬೇಡ.

ಗದರಿಸಿದರೆ ಏನಾಗುತ್ತದೆ ಎಂಬುದಕ್ಕೆ ವಾಂಖೆಡೆ ಮೈದಾನದಲ್ಲಿ ಒಂದು ಸಾಕ್ಷ್ಯವಿದೆ. ರೋಹಿತ್ ಶರ್ಮಾ ಬದಲಿಗೆ ಹಾರ್ದಿಕ್ ಪಾಂಡ್ಯರನ್ನು ಮುಂಬೈ ಇಂಡಿಯನ್ಸ್ ತಂಡದ ನಾಯಕರನ್ನಾಗಿ 2023ರ ಡಿಸೆಂಬರಿನಲ್ಲಿ ಘೋಷಿಸಿದಾಗಿನಿಂದ ಜಾಲತಾಣದಲ್ಲಿ ನಡೆದಿದ್ದ ಹಳಿಯಾಟ, 2024ರ ಏಪ್ರಿಲ್ 1ರಂದು ರಾಜಸ್ಥಾನ್ ರಾಯಲ್ಸ್ ಎದುರಿನ ಪಂದ್ಯದಲ್ಲಿ ಈ ಮೈದಾನದೊಳಕ್ಕೂ ಬಂತು. ಟಾಸ್ ಹೊತ್ತಿನಲ್ಲಿ ಮೈಕ್ ಹಿಡಿದಿದ್ದವರು ಸಂಜಯ್ ಮಾಂಜ್ರೇಕರ್. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಪರ ಆಡಿ, ಈ ಮೈದಾನದ ನಾಡಿಮಿಡಿತ ಬಲ್ಲವರು. ಪಾಂಡ್ಯ ಅವರ ಹೆಸರು ಹೇಳಿ ಚಪ್ಪಾಳೆ ಕೇಳಿದರು. ಉತ್ತರವಾಗಿ ಬಂದದ್ದು ಊಳಿಡುವ ಸದ್ದು. ಸರಿಯಾಗಿ ನಡೆದುಕೊಳ್ಳಿ ಎಂದು ಒಂದೇ ಪದದಲ್ಲಿ ಗದರಿದರು. ಸದ್ದು ನಿಲ್ಲಲಿಲ್ಲ. ಮರುದಿನ ಪತ್ರಿಕೆಗಳಲ್ಲಿ ಆ ಒಂದು ಪದಕ್ಕೆ ದೊಡ್ಡ ಜಾಗ ಸಿಕ್ಕಿತು. ಕೂಗಿದ ಗುಂಪಿನ ಪಾಲಿಗೆ ಅದು ಸಿಕ್ಕ ಬಿರುದಿನ ಹಾಗೆ. ಮೈದಾನದ ಕೂಗನ್ನು ಮುಖವಿಲ್ಲದ ಟ್ರೋಲಿಂಗಿಗೆ ಪೂರ್ತಿ ಸಮ ಮಾಡಲಾಗದು. ಟಿಕೆಟ್ ಕೊಂಡವನು ಮುಖ ತೋರಿಸಿಕೊಂಡೇ ಕೂಗುತ್ತಾನೆ. ಆದರೂ ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅದೇ ಮೈದಾನದಲ್ಲಿ ಜುಲೈ 4ರಂದು, ಟಿ20 ವಿಶ್ವಕಪ್ ಗೆದ್ದ ತಂಡ ಮೆರವಣಿಗೆಯಲ್ಲಿ ಬಂದಾಗ, ಜನ ಹಾರ್ದಿಕ್ ಹಾರ್ದಿಕ್ ಎಂದು ಜೈಕಾರ ಹಾಕಿದರು. ಫೈನಲಿನ ಕೊನೆಯ ಓವರ್ ಎಸೆದವರು ಅವರು. ಆ ಗುಂಪನ್ನು ತಿದ್ದಿದ್ದು ಉಪದೇಶವೂ ಅಲ್ಲ, ಉಪೇಕ್ಷೆಯೂ ಅಲ್ಲ.

ಹಾಗಾದರೆ ಎಲ್ಲ ಗಮನವೂ ಮೇವೇ? ಇಲ್ಲಿ ಎರಡು ಪ್ರಕರಣಗಳು ತರ್ಕವನ್ನು ತಿದ್ದುತ್ತವೆ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ಎದುರು ಭಾರತ ಸೋತಾಗ ಮೊಹಮ್ಮದ್ ಶಮಿ ಅವರ ಧರ್ಮ ಎತ್ತಿ ಹಳಿಯಲಾಯಿತು. ನಾಯಕ ವಿರಾಟ್ ಕೊಹ್ಲಿ ಅಕ್ಟೋಬರ್ 30ರ ಪತ್ರಿಕಾಗೋಷ್ಠಿಯಲ್ಲಿ ಹಾಗೆ ಬರೆದವರನ್ನು ಬೆನ್ನೆಲುಬಿಲ್ಲದವರೆಂದು ಕರೆದು ಶಮಿ ಪರ ನಿಂತರು. ಅದರ ಬೆನ್ನಲ್ಲೇ ಕೊಹ್ಲಿ ಅವರ ಹಸುಗೂಸಿಗೆ ಅತ್ಯಾಚಾರದ ಬೆದರಿಕೆ ಬಂತು. ಮೇವು ಹಾಕಿದ್ದಕ್ಕೆ ಸಿಕ್ಕ ಫಲ ಎಂದು ಇದನ್ನು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೊಹ್ಲಿ ಯಾವ ಖಾತೆಯ ಹೆಸರನ್ನೂ ಹೇಳಲಿಲ್ಲ, ಯಾವ ಟ್ವೀಟನ್ನೂ ಓದಲಿಲ್ಲ. ಅವರ ಮಾತಿನ ಬೆಳಕು ಬಿದ್ದದ್ದು ಶಮಿ ಮೇಲೆ. ಅವರು ಸುಮ್ಮನಿದ್ದಿದ್ದರೆ ಶಮಿ ಒಂಟಿಯಾಗುತ್ತಿದ್ದರು. ಬೆದರಿಕೆ ಹಾಕಿದವನ ಮಾತಿಗೆ ಕುಟುಂಬ ಸಾರ್ವಜನಿಕವಾಗಿ ಉತ್ತರಿಸುವ ಗೋಜಿಗೆ ಹೋಗಲಿಲ್ಲ. ಕೊಹ್ಲಿಯ ವ್ಯವಸ್ಥಾಪಕರ ದೂರಿನ ಮೇಲೆ ಮುಂಬಯಿ ಪೊಲೀಸರು ನವೆಂಬರ್ 10ರಂದು 23 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಹೈದರಾಬಾದಿನಿಂದ ಹಿಡಿದು ತಂದರು. ದೂರುದಾರರ ಸಮ್ಮತಿಯ ಮೇರೆಗೆ ಬಾಂಬೆ ಹೈಕೋರ್ಟ್ 2023ರ ಏಪ್ರಿಲಿನಲ್ಲಿ ಪ್ರಕರಣವನ್ನು ರದ್ದುಪಡಿಸಿತು.

ಇನ್ನೊಂದು, 'ಬುಲ್ಲಿ ಬಾಯಿ' ಪ್ರಕರಣ. ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ಗಿಟ್‌ಹಬ್‌ನಲ್ಲಿ ಹಾಕಿ ಹರಾಜಿಗಿಟ್ಟಂತೆ ತೋರಿಸಿದ ಆ್ಯಪ್ 2022ರ ಜನವರಿ 1ರಂದು ಕಾಣಿಸಿಕೊಂಡಿತು. ಇದು ಮೊದಲನೆಯದಲ್ಲ. 2021ರ ಜುಲೈನಲ್ಲಿ 'ಸುಲ್ಲಿ ಡೀಲ್ಸ್' ಎಂಬ ಹೆಸರಿನಲ್ಲಿ ಇದೇ ಆಟ ನಡೆದಿತ್ತು. ದೆಹಲಿಯಲ್ಲಿ ಎಫ್‌ಐಆರ್ ಆದರೂ ಆರು ತಿಂಗಳು ಒಬ್ಬನನ್ನೂ ಬಂಧಿಸಿರಲಿಲ್ಲ. ಆ ಉಪೇಕ್ಷೆಯೇ ಎರಡನೆಯ ಆಟಕ್ಕೆ ಧೈರ್ಯ ಕೊಟ್ಟಿತು ಎಂಬುದು ನನ್ನ ಓದು. ಎರಡನೆಯ ಸಲ ಮಹಿಳೆಯರು ಗಟ್ಟಿಯಾಗಿ ಮಾತಾಡಿದರು, ಮುಂಬಯಿಯಲ್ಲಿ ದೂರು ದಾಖಲಾಯಿತು, ಕೆಲವೇ ದಿನಗಳಲ್ಲಿ ಮುಂಬಯಿ ಸೈಬರ್ ಪೊಲೀಸರು ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನೂ ಉತ್ತರಾಖಂಡದ ಇಬ್ಬರನ್ನೂ ಬಂಧಿಸಿದರು. ಆಗ ನಡೆದದ್ದು ಈ ಟಿಪ್ಪಣಿಯ ವಿಷಯಕ್ಕೆ ಅತಿ ಹತ್ತಿರದ ಸಂಗತಿ. ಪೊಲೀಸರು ಹಿಡಿದದ್ದು ತಪ್ಪು ಜನರನ್ನು, ಆ್ಯಪ್ ಮಾಡಿದವನು ನಾನು ಎಂದು ಟ್ವಿಟರ್ ಖಾತೆಯೊಂದು ಮುಂಬಯಿ ಪೊಲೀಸರನ್ನು ಹೀಯಾಳಿಸಿ ಘೋಷಿಸಿತು. ಜನವರಿ 6ರಂದು ದೆಹಲಿ ಪೊಲೀಸರು ಅಸ್ಸಾಮಿನ ಜೋರ್ಹಾಟಿನಲ್ಲಿ ಮುಖ್ಯ ಆರೋಪಿಯನ್ನು ಬಂಧಿಸಿದರು. ಕೀರ್ತಿ ಬೇರೆಯವರ ಪಾಲಾಗುವುದನ್ನು ಕೂಡ ಸಹಿಸಲಾಗದಷ್ಟು ಗಮನದ ಹಸಿವು ಅದು, ಆ ಕೀರ್ತಿ ಜೈಲಿಗೆ ಒಯ್ಯುವಂಥದ್ದಾದರೂ ಸರಿ.

ಕರ್ನಾಟಕದ ಓದುಗರಿಗೆ ಹತ್ತಿರದ ಉದಾಹರಣೆ ನಟಿ ರಮ್ಯಾ ಅವರದು. 2025ರ ಜುಲೈನಲ್ಲಿ ಅವರು ತಮ್ಮನ್ನು ನಿಂದಿಸಿದ 43 ಖಾತೆಗಳ ಪಟ್ಟಿ ಮಾಡಿ ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು, ಬಂಧನಗಳಾದವು. ಅದರ ಹಿಂದಿನ ವರ್ಷ ಬೇರೊಬ್ಬರಿಗೆ ಅಶ್ಲೀಲ ಸಂದೇಶ ಕಳಿಸಿದ ಎಂಬ ಕಾರಣಕ್ಕೆ ಚಿತ್ರದುರ್ಗದ ಯುವಕನೊಬ್ಬನ ಕೊಲೆ ನಡೆದ ಆರೋಪದ ಪ್ರಕರಣ ಈಗ ನ್ಯಾಯಾಲಯದ ಮುಂದಿದೆ. ಪಟ್ಟಿ ಮಾಡಿ ಠಾಣೆಗೆ ಹೋಗುವುದಕ್ಕೂ ಕಾನೂನನ್ನು ಕೈಗೆತ್ತಿಕೊಳ್ಳುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಇಷ್ಟು ಪ್ರಕರಣಗಳಿಂದ ನಿಯಮ ಕಟ್ಟಲಾಗದು. ಇವೆಲ್ಲ ಹೆಸರುಳ್ಳವರ ಕಥೆಗಳು, ಪೊಲೀಸರು ಬೇಗ ಓಗೊಟ್ಟದ್ದರಲ್ಲಿ ಆ ಹೆಸರಿನ ಪಾಲೂ ಇದೆ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಟ್ರೋಲನ್ನು ಬೆಳೆಸುವುದು ಇತರರ ಕಣ್ಣಿಗೆ ಬೀಳುವ ಗಮನ. ದೂರು, ದಾಖಲೆ, ಗುರಿಯಾದವರಿಗೆ ನೇರವಾಗಿ ಮಾಡಿದ ಒಂದು ಫೋನ್ ಕರೆ, ಇವು ಅವನ ಪರದೆಯ ಮೇಲೆ ಕಾಣುವುದಿಲ್ಲ, ಅವನ ಲೆಕ್ಕಕ್ಕೆ ಜಮೆಯಾಗುವುದೂ ಇಲ್ಲ. ಆದ್ದರಿಂದ 'ಸುಮ್ಮನಿರು' ಎಂಬ ಬುದ್ಧಿವಾದವನ್ನು ನೊಂದವರಿಗೆ ಹೇಳುವುದನ್ನು ಬಿಟ್ಟು ನೋಡುತ್ತ ನಿಂತವರಿಗೆ ಹೇಳುವುದು ಸರಿ.

ಮುಂಬಯಿಯ ಕನ್ನಡ ಸಂಘ, ಸೊಸೈಟಿ, ಜಾತಿ ಬಳಗಗಳ ವಾಟ್ಸ್‌ಆ್ಯಪ್ ಗುಂಪುಗಳನ್ನು ನಡೆಸುವವರಲ್ಲಿ ಒಂದು ವಿನಂತಿ. ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ, ಪೂರ್ವ ಯೋಜನೆಯಲ್ಲಿ ಪಾಲಿಲ್ಲದಿದ್ದರೆ, ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ಹೊಣೆ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಇತರರ ಸಂದೇಶವನ್ನೂ ಎಲ್ಲರ ಪರದೆಯಿಂದ ಅಳಿಸುವ ಅಧಿಕಾರ ಈಗ ನಿಮ್ಮ ಕೈಯಲ್ಲಿದೆ. ಕೆಣಕುವ ಸಂದೇಶ ಬಂದಾಗ ಗುಂಪಿನಲ್ಲಿ ಛೀಮಾರಿ ಹಾಕಬೇಡಿ, 'ಇಂಥ ಮಾತು ಇಲ್ಲಿ ಬೇಡ' ಎಂಬ ಉಪದೇಶವನ್ನೂ ಹಾಕಬೇಡಿ. ಬೆದರಿಕೆಯಿದ್ದರೆ ದಿನಾಂಕ, ಸಮಯ, ಸಂಖ್ಯೆ ಕಾಣುವಂತೆ ಅದರ ಪ್ರತಿ ತೆಗೆದಿಟ್ಟುಕೊಂಡು, ಯಾರ ಮೇಲೆ ಬಂದಿದೆಯೋ ಅವರಿಗೆ ಮಾತ್ರ ತಲುಪಿಸಿ, ದೂರು ಕೊಡಲು ಅವರ ಜೊತೆ ಸೈಬರ್ ಠಾಣೆಗೆ ಹೋಗಿ. ಆಮೇಲೆ ಸಂದೇಶವನ್ನು ಅಳಿಸಿ, ಕಾರಣವನ್ನು ಬರೆದವನೊಬ್ಬನಿಗೇ ತಿಳಿಸಿ.